ಅಜ್ಜಿ ಹಂಡೆಗೆ ಬೈಯುವುದನ್ನು ನಿಲ್ಲಿಸಿದಾಗ

ಪಾತ್ರೆ ಮಾರುವವರ ಮನೆಗೆ ಊಟಕ್ಕೆ ಹೋದರೆ ನಿಮ್ಮ ಮುಂದೆ ಬರುವ ತಟ್ಟೆ ನೆಗ್ಗಿಯೇ ಇರುತ್ತದೆ. ಅದನ್ನು ಅವಮಾನ ಅಂತ ತಿಳಿಯಬೇಡಿ. ನೆಟ್ಟಗಿದ್ದದ್ದು ಗಿರಾಕಿಗೆ, ನೆಗ್ಗಿದ್ದು ಮನೆಗೆ. ನಮ್ಮ ಕಸುಬಿನ ಮೊದಲ ಕಾನೂನೇ ಅದು. ಶಿರಸಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಮನೆಯಲ್ಲಿ ನಾನು ಸೊಟ್ಟ ಲೋಟದಲ್ಲಿ ಚಾ ಕುಡಿದು, ಕುಣಿಯುವ ತಟ್ಟೆಯಲ್ಲಿ ಉಂಡು ಬೆಳೆದವಳು. ಹೊಸ ತಪ್ಪಲೆಯಲ್ಲಿ ಅನ್ನ ಮಾಡುವ ಪ್ರಸಂಗ ಬಂದರೂ ಅವ್ವ ಅದರ ಹೊಟ್ಟೆಗೆ ಅಂಟಿದ ಚೀಟಿ ಕೀಳುತ್ತಿರಲಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ ಅನ್ನ ಬೇರೆಯದಕ್ಕೆ ಸುರಿದು, ತೊಳೆದು ಕೊಟ್ಟುಬಿಡಬಹುದಲ್ಲ. ಮನೆಯ ಮುಂದಿನ ಕೋಣೆ ತುಂಬ ಮಾಲು. ಡಬರಿಯೊಳಗೆ ಡಬರಿ, ಕೊಡದ ಮೇಲೆ ಕೊಡ, ಸೂರಿಗೆ ತಾಗುವಷ್ಟು. ಬೆಕ್ಕು ಹಾದುಹೋದರೂ ಮನೆಗೆಲ್ಲ ಗೊತ್ತಾಗುತ್ತಿತ್ತು. ಅದರ ಹಿಂದೆ ನಡುಮನೆ, ಅಲ್ಲಿ ಮಣೆಯ ಮೇಲೆ ಅಜ್ಜಿ. ಅದರಾಚೆ ಅಡುಗೆಮನೆ, ಪಕ್ಕದಲ್ಲಿ ಸೌದೆ ಕೋಣೆ, ಕೊನೆಗೆ ಬಚ್ಚಲು. ಬಚ್ಚಲಿನಲ್ಲಿ ಒಲೆಗೆ ಕೂರಿಸಿ ಮಣ್ಣು ಮೆತ್ತಿದ ತಾಮ್ರದ ಹಂಡೆ. ಇಡೀ ಮನೆಯಲ್ಲಿ ಮಾರಾಟಕ್ಕಿಲ್ಲದ ಪಾತ್ರೆ ಅಂದರೆ ಆ ಹಂಡೆಯೊಂದೇ. ಅದನ್ನು ಕೀಳಬೇಕಾದರೆ ಗೋಡೆಯನ್ನೇ ಒಡೆಯಬೇಕಿತ್ತು.

ಅಪ್ಪ ಹಳೆ ಬಟ್ಟೆ, ಹಳೆ ತಾಮ್ರ, ಹಿತ್ತಾಳೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಿ. ಒಂದು ದಿನ ಸಿದ್ದಾಪುರದ ಬಸ್ಸು, ಒಂದು ದಿನ ಬನವಾಸಿ ಕಡೆಗೆ, ಒಂದು ದಿನ ಯಲ್ಲಾಪುರ. ಬೆನ್ನ ಮೇಲೆ ಗಂಟು, ಕೈಯಲ್ಲಿ ಚೀಲ. ಯಾವ ಊರಿನ ಯಾವ ಹೆಂಗಸಿನ ಹತ್ತಿರವೂ ಚೌಕಾಸಿ ಮಾಡಿ ಗೆಲ್ಲುತ್ತಿದ್ದ. ಮನೆಯ ಇಬ್ಬರು ಹೆಂಗಸರ ಎದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅಜ್ಜಿ ಅಪ್ಪನ ತಾಯಿ, ಸಿದ್ದಾಪುರ ತಾಲೂಕಿನ ಮನ್ಮನೆಯವಳು. ಅವಳಿಗೆ ತಂಬುಳಿ, ಅಪ್ಪೆಹುಳಿ, ಮೆತ್ತಗಿನ ಅನ್ನ ಇದ್ದರೆ ಊಟ. ಅವ್ವ ಬನವಾಸಿಯನ್ನೂ ದಾಟಿ ಹಾನಗಲ್ಲು ಕಡೆಯವಳು. ಜೋಳದ ರೊಟ್ಟಿ, ಕೆಂಪು ಖಾರ, ‘ಬರ್ರಿ, ಕುಂದರ್ರಿ’ ಅನ್ನುವ ಗಟ್ಟಿ ಮಾತು. ಒಂದೇ ಅಡುಗೆಮನೆಯಲ್ಲಿ ಎರಡು ಊರುಗಳು ಬೇಯುತ್ತಿದ್ದವು. ಆದರೂ ಹೇಗೋ ನಡೆದುಕೊಂಡು ಹೋಗುತ್ತಿತ್ತು, ತಂಬಿಗೆಯ ಪ್ರಸಂಗ ಆಗುವವರೆಗೆ.

ಆ ತಂಬಿಗೆ ಅಜ್ಜಿ ಮದುವೆಯಾಗಿ ಬರುವಾಗ ಮನ್ಮನೆಯಿಂದ ತಂದದ್ದು, ಹಿತ್ತಾಳೆಯದು, ಕುತ್ತಿಗೆಯ ಸುತ್ತ ಬಳ್ಳಿ ಕೆತ್ತಿದ್ದು. ಒಂದು ದಿನ ಅದನ್ನು ಹುಣಸೆಹಣ್ಣು ಹಾಕಿ ಬೆಳಗಿ, ಬಿಸಿಲು ಬೀಳುವ ಜಾಗ ಅಂತ ಮುಂದಿನ ಕೋಣೆಯಲ್ಲಿ ಒಣಗಲು ಇಟ್ಟು ಬಂದಿದ್ದಳು. ಅಪ್ಪ ಊರಲ್ಲಿರಲಿಲ್ಲ. ಯಲ್ಲಾಪುರದ ಕಡೆಯ ಹೆಂಗಸೊಬ್ಬಳು ಹಳೆಯ ತಾಮ್ರದ ಕೊಡ ಹೊತ್ತು ತಂದು, ಅದಕ್ಕೆ ಬದಲು ಏನಾದರೂ ಕೊಡಿ ಅಂತ ಕೂತಳು. ಅವಳ ಕಣ್ಣು ತಂಬಿಗೆಯ ಮೇಲೆ ಬಿತ್ತು. ಮುಂದಿನ ಕೋಣೆಯಲ್ಲಿ ಇದ್ದದ್ದೆಲ್ಲ ಮಾಲು ಅಂತ ಮದುವೆಯಾದ ದಿನದಿಂದ ಕಲಿತಿದ್ದ ಅವ್ವ, ಒಳ್ಳೆ ವ್ಯಾಪಾರ ಆಯಿತು ಅಂದುಕೊಂಡು ಎತ್ತಿ ಕೊಟ್ಟಳು. ಸಂಜೆ ಅಜ್ಜಿ ತಂಬಿಗೆ ಹುಡುಕುವಾಗ ವಿಷಯ ಹೊರಬಿತ್ತು. ಅಪ್ಪ ಎಷ್ಟೋ ಸಲ ಯಲ್ಲಾಪುರದ ಬಸ್ಸಿಗೆ ಹೋಗಿ ಊರೂರು ವಿಚಾರಿಸಿದ; ತಂಬಿಗೆ ಸಿಗಲಿಲ್ಲ, ಕೊನೆಗೂ ಸಿಗಲಿಲ್ಲ. ಕೇಳದೆ ಕೊಟ್ಟದ್ದು ಅವ್ವನ ತಪ್ಪೋ, ಮಾಲಿನ ನಡುವೆ ಇಟ್ಟದ್ದು ಅಜ್ಜಿಯ ತಪ್ಪೋ, ನಾನು ಇವತ್ತಿಗೂ ತೀರ್ಪು ಹೇಳುವುದಿಲ್ಲ. ಆದರೆ ವ್ಯಾಪಾರ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ: ಮನೆಯ ಸಾಮಾನು, ಮಾರುವ ಸಾಮಾನು ಒಂದೇ ಕೋಣೆಯಲ್ಲಿ ಇಡಬೇಡಿ. ಈಗ ನನ್ನ ಅಂಗಡಿಗಳಲ್ಲಿ ಕೆಲಸದ ಹುಡುಗಿಯರ ಬುತ್ತಿ ಡಬ್ಬಿಗೂ ಬೇರೆ ಕಪಾಟು ಇದೆ.

ಅವತ್ತಿನಿಂದ ಅಜ್ಜಿ ಅವ್ವನ ಹತ್ತಿರ ನೇರವಾಗಿ ಮಾತಾಡುವುದನ್ನು ಬಿಟ್ಟಳು. ಹಾಗಂತ ಬಾಯಿ ಮುಚ್ಚಿಕೊಂಡು ಕೂರುವ ಜಾತಿಯೂ ಅಲ್ಲ ಅವಳು. ಹೇಳಬೇಕಾದ್ದನ್ನೆಲ್ಲ ಪಾತ್ರೆಗಳಿಗೆ ಹೇಳತೊಡಗಿದಳು. ನಡುಮನೆಯ ಮಣೆಯ ಮೇಲೆ ಕೂತು, ಬಚ್ಚಲಿನ ಕಡೆ ಮುಖ ಮಾಡಿ, ಅಡುಗೆಮನೆಗೆ ಚೆನ್ನಾಗಿ ಕೇಳುವ ಹಾಗೆ:

“ಏ ಹಂಡೇ, ನಿನ್ನ ಹೊಟ್ಟೆ ಅಡಿಗೆ ಬೆಂಕಿ ಆರಿ ಯಾವ ಕಾಲ ಆಯ್ತು. ಕಣ್ಣಿದ್ದವ್ರಿಗೆ ಕಾಣ್ತದೆ, ನಿಂಗೆ ಹೇಳಿ ಎಂತ ಮಾಡೂದು.”

ಅವ್ವ ಏನು ಕಡಿಮೆಯೇ? ಅವಳಿಗೆ ಸೌಟು ಇತ್ತು.

“ಸೌಟವ್ವಾ, ನನಗ ಇರೂದು ಎರಡ ಕೈ. ಒಂದು ಒಲಿ ಊದತೈತಿ, ಒಂದು ನಿನ್ನ ಹಿಡದೈತಿ. ಮೂರನೇದು ಎಲ್ಲಿಂದ ತರ್ಲಿ, ನೀನ ಹೇಳು.”

ಸಾರಿಗೆ ಖಾರ ಹೆಚ್ಚಾದ ದಿನ ಅಜ್ಜಿ ತಪ್ಪಲೆಯನ್ನು ಮಾತಾಡಿಸುತ್ತಿದ್ದಳು. ಸಾರಿಗೆ ಮೆಣಸಿನಕಾಯಿ ಹಾಕಿದ್ದಾರೋ, ಮೆಣಸಿನಕಾಯಿಗೆ ಸಾರು ಹಾಕಿದ್ದಾರೋ ಅಂತ ಅದನ್ನೇ ವಿಚಾರಿಸುತ್ತಿದ್ದಳು. ಅನ್ನ ಮುದ್ದೆಯಾದರೆ ಅವ್ವ ಜರಡಿಸೌಟಿಗೆ ಸಮಾಧಾನ ಹೇಳುತ್ತಿದ್ದಳು: ಹಲ್ಲಿಲ್ಲದವರ ಮನೆಯಲ್ಲಿ ಹೀಗೇ ಇರಬೇಕು, ನೀನು ಬೇಜಾರು ಮಾಡಿಕೊಳ್ಳಬೇಡ. ಅಪ್ಪ ಇಬ್ಬರ ನಡುವೆ ತಲೆ ತಗ್ಗಿಸಿ ಉಂಡು, ನೆಗ್ಗಿದ ತಟ್ಟೆ ತೊಳೆದಿಟ್ಟು, ಬೆಳಗಿನ ಮೊದಲ ಬಸ್ಸು ಹಿಡಿಯುತ್ತಿದ್ದ. ನನಗೆ ಇದರಲ್ಲಿ ವಿಶೇಷ ಏನೂ ಕಾಣಿಸುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಪಾತ್ರೆಗಳನ್ನು ಮಾತಾಡಿಸುತ್ತಾರೆ ಅಂತಲೇ ತಿಳಿದಿದ್ದೆ. ಗೆಳತಿಯೊಬ್ಬಳ ಮನೆಗೆ ಹೋದಾಗ ಅವಳ ಅಜ್ಜಿ ಅವಳ ಅಮ್ಮನಿಗೆ ಸೀದಾ ‘ನೀರು ಕೊಡು’ ಅಂದದ್ದು ಕೇಳಿ, ಎಂಥ ಒರಟು ಜನ ಅಂದುಕೊಂಡಿದ್ದೆ.

ಹೈಸ್ಕೂಲಿಗೆ ಹೋದ ಮೇಲೆ ಇಂಗ್ಲಿಷ್ ಕಲಿಸಲು ಶಮೀಮಾ ಅಕ್ಕೋರು ಬಂದರು. ಯಲ್ಲಾಪುರದವರು, ಹೊಸದಾಗಿ ಕೆಲಸಕ್ಕೆ ಸೇರಿದವರು. ತಂದೆ ಅಂಕೋಲಾ-ಹುಬ್ಬಳ್ಳಿ ನಡುವೆ ಲಾರಿ ಓಡಿಸುತ್ತಿದ್ದರಂತೆ. ಪದ್ಯದ ಪಾಠ ಶುರುವಾಗುವ ಮೊದಲು ಬೋರ್ಡಿನ ಮೇಲೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಹೈಪರ್ಬೊಲಿ, ಐರನಿ, ಅಪಾಸ್ಟ್ರಫಿ ಅಂತ ಇಂಗ್ಲಿಷ್ ಅಲಂಕಾರಗಳ ಹೆಸರುಗಳನ್ನು ಸಾಲಾಗಿ ಬರೆದರು. ನಾವು ಕನ್ನಡದಲ್ಲಿ ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಅಂತ ಭಜನೆಯ ಹಾಗೆ ಬಾಯಿಪಾಠ ಮಾಡಿದ್ದವರು; ಇದನ್ನೂ ಹಾಗೇ ಮಾಡೋಣ ಅಂತ ಗೈಡು ತೆಗೆದೆವು. ಅಕ್ಕೋರು ಗೈಡುಗಳನ್ನೆಲ್ಲ ಒಟ್ಟುಮಾಡಿ ಮೇಜಿನ ಮೇಲೆ ಇಟ್ಟುಕೊಂಡರು. ವ್ಯಾಖ್ಯೆ ಬೇಡ, ನಿಮ್ಮ ನಿಮ್ಮ ಮನೆಯಲ್ಲಿ ಆಡುವ ಮಾತಿನಿಂದ ಒಂದೊಂದು ಉದಾಹರಣೆ ತನ್ನಿ, ಕನ್ನಡದಲ್ಲೇ ಇರಲಿ, ಅದು ಬಂದರೆ ಇಂಗ್ಲಿಷ್ ಅದರ ಹಿಂದೆ ಬರುತ್ತದೆ ಅಂದರು. ಮರುದಿನ ಕ್ಲಾಸಿನ ತುಂಬ ಚಂದ್ರನಂಥ ಮುಖ, ಹಾಲಿನಂಥ ಮನಸ್ಸು. ಯಾರ ಮನೆಯಲ್ಲಿ ಹೀಗೆ ಮಾತಾಡುತ್ತಾರೆ ಅಂತ ಅಕ್ಕೋರು ಕೇಳಿದರೆ ಒಬ್ಬರೂ ಕೈ ಎತ್ತಲಿಲ್ಲ.

ನನ್ನ ಸರದಿ ಬಂತು. ಅಪ್ಪ ಗಿರಾಕಿಗೆ ಹೇಳುವ ಮಾತನ್ನೇ ಹೇಳಿದೆ: ‘ಅಕ್ಕಾ, ಈ ಕೊಡ ತಗಂಡ್ರೆ ನಿಮ್ಮ ಮೊಮ್ಮಗಳ ಮೊಮ್ಮಗಳು ಇದ್ರಲ್ಲೇ ನೀರು ತರ್ತಾಳೆ.’ ಅಕ್ಕೋರು ನಕ್ಕು, ಇದೇ ನೋಡಿ ಹೈಪರ್ಬೊಲಿ, ಅತಿಶಯದ ಮಾತು, ಇನ್ನು ಯಾರಿಗೂ ಮರೆಯುವುದಿಲ್ಲ ಅಂದರು. ವ್ಯಾಪಾರದಲ್ಲಿ ಒಂದು ಮಾಲು ಹೋದರೆ ಎರಡನೆಯದನ್ನು ತಕ್ಷಣ ಮುಂದಿಡಬೇಕು. ನಾನೂ ಇಟ್ಟೆ. ಅವ್ವ ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವಾಗ ಅಜ್ಜಿ ‘ಎಂಥಾ ಒಳ್ಳೆ ಸೌದೆ ತಂದಿದ್ದಾರಪ್ಪ’ ಅನ್ನುವುದು ಐರನಿ ಆಯಿತು. ಅವ್ವ ಅಜ್ಜಿಯ ನಾಲಿಗೆಯನ್ನು ಕತ್ತರಿ ಅನ್ನುವುದು ಮೆಟಫರ್. ‘ಕತ್ತರಿ ಹಂಗ’ ಅಂದ ದಿನ ಸಿಮಿಲಿ. ನಮ್ಮ ಮನೆಯಲ್ಲಿ ಇಲ್ಲದ ಅಲಂಕಾರವೇ ಇರಲಿಲ್ಲ. ಕೊನೆಗೆ ಹಂಡೆಯ ಮಾತು ಹೇಳಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು; ಆ ವರ್ಷವಿಡೀ ನನಗೆ ‘ಹಂಡೆ’ ಅನ್ನುವುದೇ ಹೆಸರಾಯಿತು. ಜೀವ ಇಲ್ಲದ್ದಕ್ಕೆ ಹೊಟ್ಟೆ ಇದೆ ಅಂದದ್ದರಿಂದ ಪರ್ಸಾನಿಫಿಕೇಶನ್ ಅಂತ ಹಿಂದಿನ ಬೆಂಚಿನವರು ಕೂಗಿದರು. ಅಕ್ಕೋರು ನಗಲಿಲ್ಲ. ಅದು ಅಷ್ಟಕ್ಕೇ ನಿಲ್ಲುವುದಿಲ್ಲ, ಎದುರಿಗೆ ಇಲ್ಲದವರನ್ನೋ, ಉತ್ತರ ಕೊಡಲಾಗದ ವಸ್ತುವನ್ನೋ ಕರೆದು ಮಾತಾಡಿಸಿದರೆ ಅಪಾಸ್ಟ್ರಫಿ ಅಂದರು. ಆಮೇಲೆ ತಮ್ಮ ಮನೆಯ ಉದಾಹರಣೆ ಕೊಟ್ಟರು.

“ನಮ್ಮ ಅಬ್ಬಾ ಅರಬೈಲ್ ಘಾಟಿ ಹತ್ತುವಾಗ ಲಾರಿಗೆ ಬೈತಾ ಇದ್ರು. ಹತ್ತು ಮುದುಕೀ, ಹತ್ತು, ನಿಂಗೆ ಎಷ್ಟು ಎಣ್ಣೆ ಕುಡಿಸಿದ್ರೂ ಇಷ್ಟೇ ಅಂತ. ಕೆಟ್ಟು ನಿಂತ್ರೂ ಬೈಗುಳ, ಚಲೋ ಓಡಿದ್ರೂ ಬೈಗುಳ. ಒಂದು ದಿನ ನಾನು ಜೊತೇಲಿದ್ದೆ. ಇಡೀ ಘಾಟಿ ಹತ್ತಿದ್ರೂ ಒಂದು ಮಾತಾಡ್ಲಿಲ್ಲ. ಆಗ ನಂಗೆ ತಿಳೀತು, ಲಾರಿ ಮಾರೂಕೆ ಅಬ್ಬಾ ಮನಸ್ಸು ಮಾಡಿಬಿಟ್ಟಿದ್ದಾರೆ ಅಂತ.”

ಕವಿಗಳೂ ಹಾಗೆಯೇ, ಬೇಡ ಅನಿಸಿದ್ದನ್ನು ಯಾರೂ ಕರೆದು ಮಾತಾಡಿಸುವುದಿಲ್ಲ ಅಂತ ಹೇಳಿ ಪದ್ಯಕ್ಕೆ ಹೋದರು. ಆ ಪದ್ಯ ನನಗೆ ನೆನಪಿಲ್ಲ. ಲಾರಿ ಇವತ್ತಿಗೂ ನೆನಪಿದೆ.

ಅವತ್ತಿನಿಂದ ಮನೆಗೆ ಬಂದರೆ ನನಗೆ ಹಬ್ಬ. ಇಬ್ಬರ ಮಾತನ್ನೂ ಕಿವಿಯಲ್ಲೇ ಹಿಡಿದು, ಇದು ಇಂಥದ್ದು, ಅದು ಅಂಥದ್ದು ಅಂತ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದೆ. ಅಡಿಕೆ ಮಂಡಿಯಲ್ಲಿ ರಾಶಿ, ಚಾಲಿ ಅಂತ ಬಗೆ ಬಗೆಯಾಗಿ ಆರಿಸುತ್ತಾರಲ್ಲ, ಹಾಗೆ. ಅಜ್ಜಿ ಹಂಡೆಗೆ ಬೈದಾಗಲೆಲ್ಲ ನನಗೆ ಒಳಗೊಳಗೆ ನೆಮ್ಮದಿ. ಬೈಯುತ್ತಿದ್ದಾಳೆ ಅಂದರೆ ಲಾರಿ ಇನ್ನೂ ಮಾರಾಟಕ್ಕಿಲ್ಲ. ಅಜ್ಜಿ ಮಾತ್ರ ನನ್ನ ನಗು ಸಹಿಸುತ್ತಿರಲಿಲ್ಲ. ಎಂತಕ್ಕೆ ಹಲ್ಲು ಕಿಸಿಯುತ್ತೀ, ಸಾಲೆಯಲ್ಲಿ ಇದನ್ನೇ ಕಲಿಸುವುದಾ ಅಂತ ಕೇಳುತ್ತಿದ್ದಳು. ಹೌದು ಅಂತ ನಿಜವನ್ನೇ ಹೇಳಿದರೆ ನಂಬುತ್ತಿರಲಿಲ್ಲ.

ಯುಗಾದಿ ಹತ್ತಿರ ಬರುವ ಹೊತ್ತಿಗೆ ಆಗಬಾರದ್ದು ಆಯಿತು. ಅವ್ವ ತೊಳೆದ ಲೋಟವೊಂದನ್ನು ಅಜ್ಜಿಯ ಪೂಜೆಯ ಲೋಟದ ಜಾಗದಲ್ಲಿ ಇಟ್ಟಿದ್ದಳು, ಅಷ್ಟೇ. ಅಜ್ಜಿ ಹಂಡೆಯ ಕಡೆ ತಿರುಗಿ, ತವರಿನಲ್ಲಿ ಪಾತ್ರೆಯೇ ಕಾಣದವರಿಗೆ ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗಬೇಕು ಹೇಳು ಅಂದುಬಿಟ್ಟಳು. ಅವ್ವ ಸೌಟು ಎತ್ತಿಕೊಳ್ಳಲಿಲ್ಲ. ಯಾವ ಪಾತ್ರೆಗೂ ಏನೂ ಹೇಳಲಿಲ್ಲ. ಸಾರಿನ ಬಗ್ಗೆ, ಸೌದೆಯ ಬಗ್ಗೆ ಏನು ಅಂದರೂ ಒಂದಕ್ಕೆರಡು ಕೊಡುತ್ತಿದ್ದವಳು ತವರಿನ ಮಾತಿಗೆ ಒಂದೂ ಕೊಡಲಿಲ್ಲ. ಸಂಜೆ ಅಪ್ಪ ಬಂದು ಗಂಟು ಇಳಿಸುತ್ತಿದ್ದಂತೆ, ಹಬ್ಬದ ದಿನದಿಂದ ತನ್ನ ಒಲೆ ಸೌದೆ ಕೋಣೆಯಲ್ಲಿ, ಅತ್ತೆಯವರ ಅಡುಗೆ ಅತ್ತೆಯವರಿಗೆ, ಮಗಳು ಎಲ್ಲಿ ಬೇಕಾದರೂ ಉಣ್ಣಲಿ ಅಂತ ಹೇಳಿದಳು. ಅಪ್ಪ ಹೂಂ ಅಂದ. ಅವನು ಇನ್ನೇನು ಅಂದಾನು. ಬೇರೆಯವರ ಮನೆಯಲ್ಲಿ ಒಲೆ ಬೇರೆಯಾಗುವುದು ಅಷ್ಟು ಸುಲಭ ಅಲ್ಲ. ದೊಡ್ಡ ಕೊಳಗ ಯಾರಿಗೆ, ಇಡ್ಲಿ ಪಾತ್ರೆ ಯಾರಿಗೆ ಅನ್ನುವ ಜಗಳದಲ್ಲೇ ದಿನ ಕಳೆದು, ಅಷ್ಟರಲ್ಲಿ ಸಿಟ್ಟು ಇಳಿದು, ಮನೆ ಉಳಿದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಆ ಅಡ್ಡಿಯೂ ಇರಲಿಲ್ಲ. ಏನು ಬೇಕೋ ಅದು ಮುಂದಿನ ಕೋಣೆಯಲ್ಲಿ ಎರಡೆರಡು, ಚೀಟಿ ಸಮೇತ ಸಿದ್ಧವಿತ್ತು. ಅವ್ವ ಕೂತಲ್ಲೇ ಬೇಕಾದ್ದನ್ನು ಆರಿಸಿ ಒಂದು ಮೂಲೆಯಲ್ಲಿ ಒಟ್ಟಿದಳು. ಅಪ್ಪ ಗಿರಾಕಿಗೆ ಕೊಡುವ ಹಾಗೆ ಪ್ರತಿಯೊಂದನ್ನೂ ಬೆರಳಿನಿಂದ ಬಡಿದು, ಶಬ್ದ ನೋಡಿ ಕೊಟ್ಟ.

ಅಜ್ಜಿ ಎಲ್ಲ ನೋಡುತ್ತಿದ್ದಳು. ನಾನು ಅವಳು ಹಂಡೆಯನ್ನು ಕರೆಯುತ್ತಾಳೆ ಅಂತ ಕಾದೆ. ಕರೆಯಲಿಲ್ಲ. ಮರುದಿನ ಬಚ್ಚಲೊಲೆಯ ಬೆಂಕಿ ಆರಿತು, ಅಜ್ಜಿ ಸುಮ್ಮನೆ ತಣ್ಣೀರಲ್ಲಿ ಮುಖ ತೊಳೆದಳು. ಸಾರಿಗೆ ಖಾರ ಹೆಚ್ಚಾಯಿತು, ಮಜ್ಜಿಗೆ ಸುರಿದುಕೊಂಡು ಉಂಡಳು. ಅಡುಗೆಮನೆಯಿಂದಲೂ ಸದ್ದಿಲ್ಲ; ಸೌಟು ಸೌಟಿನ ಕೆಲಸ ಮಾತ್ರ ಮಾಡುತ್ತಿತ್ತು. ಅಪ್ಪನಿಗೆ ಹಿಡಿಸಲಾರದಷ್ಟು ಖುಷಿ. ಈಗ ಮನೆ ಮನೆಯ ಹಾಗಿದೆ, ಒಲೆ ಬೇರೆ ಆಗುವ ಮಾತಿಗೇ ಇಷ್ಟು ಶಾಂತಿ ಬಂದರೆ ಆದ ಮೇಲೆ ಇನ್ನೆಷ್ಟು ಬರಬಹುದು ಅಂತ ಲೆಕ್ಕ ಹಾಕಿದ. ಪಕ್ಕದ ಮನೆಯವರೂ ಬಂದು, ಏನು ನಿಮ್ಮನೆ ಸದ್ದೇ ಇಲ್ಲ, ಒಳ್ಳೆಯದಾಯಿತು ಅಂದು ಹೋದರು. ಆ ಮನೆಯಲ್ಲಿ ಹೆದರಿದವಳು ನಾನೊಬ್ಬಳೇ. ಎಲ್ಲರಿಗೂ ಶಾಂತಿ ಕಂಡಲ್ಲಿ ನನಗೆ ಘಾಟಿ ಹತ್ತುವ ಮೂಕ ಲಾರಿ ಕಾಣುತ್ತಿತ್ತು. ಇಂಗ್ಲಿಷ್ ಪಾಠ ಸರಿಯಾಗಿ ಅರ್ಥವಾದದ್ದಕ್ಕೆ ನನಗೆ ಸಿಕ್ಕಿದ ಮೊದಲ ಫಲ ಊಟ ಸೇರದಿರುವುದು.

ತಡೆಯಲಾರದೆ ಅಕ್ಕೋರನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದೆ. ಒಂದು ಪದ್ಯದಲ್ಲಿ ಮೊದಲಿನಿಂದ ಅಪಾಸ್ಟ್ರಫಿ ಇದ್ದು, ನಡುವೆ ಕವಿ ಕರೆಯುವುದನ್ನು ನಿಲ್ಲಿಸಿಬಿಟ್ಟರೆ ಮುಂದೆ ಏನು ಮಾಡಬೇಕು ಅಂತ ಕೇಳಿದೆ. ಯಾವ ಪದ್ಯ ಅಂದರು. ಪುಸ್ತಕದಲ್ಲಿಲ್ಲ, ಹೊರಗಿನದು ಅಂದೆ. ಅವರು ನನ್ನ ಮುಖವನ್ನು ಚೆನ್ನಾಗಿ ನೋಡಿದರು. ನಗುವನ್ನು ತುಟಿಯಲ್ಲೇ ಹಿಡಿದುಕೊಂಡರು ಅಂತ ಈಗ ಅನ್ನಿಸುತ್ತದೆ.

“ಕವಿ ಸುಮ್ಮನಾದ್ರೆ ಓದೋರು ಗಟ್ಟಿಯಾಗಿ ಓದ್ಬೇಕು ಯಶೋದಾ. ತಪ್ಪು ತಪ್ಪಾಗಿ ಓದಿದ್ರೂ ಅಡ್ಡಿಲ್ಲ. ತನ್ನ ಪದ್ಯನ ತಪ್ಪಾಗಿ ಓದಿದ್ರೆ ಯಾವ ಕವಿಗೂ ಸುಮ್ಮನಿರೂಕಾಗೂದಿಲ್ಲ.”

ಇದು ಅಕ್ಕೋರು ಪದ್ಯದ ಬಗ್ಗೆ ಹೇಳಿದ್ದು. ನಾನು ಆಮೇಲೆ ಜೀವಮಾನವಿಡೀ ವ್ಯಾಪಾರಕ್ಕೆ ಬಳಸಿದ್ದು. ನಿಮಗೂ ಹೇಳಿಕೊಡುತ್ತೇನೆ, ಬಿಟ್ಟಿ ಸಲಹೆ: ಎದುರಿನವರು ಬಾಯಿಯೇ ಬಿಡದಿದ್ದರೆ ಬೇಡಿಕೊಳ್ಳಬೇಡಿ, ಸುಮ್ಮನೆ ಕಾಯಲೂ ಬೇಡಿ, ಒಂದು ತಪ್ಪು ಮಾತನ್ನು ಮುಂದಿಡಿ. ಮನುಷ್ಯ ಕೇಳಿದ್ದಕ್ಕೆ ಉತ್ತರ ಕೊಡದಿರಬಹುದು, ತಪ್ಪು ಕಂಡರೆ ತಿದ್ದದೆ ಇರಲಾರ. ಮಾತಿಗೆ ಎಳೆದ ಮೇಲೆ ಮುಂದಿನದು ನಿಮ್ಮ ಜಾಣತನ.

ಹಬ್ಬದ ಹಿಂದಿನ ದಿನ ಬಂತು. ಸಾಲೆಗೆ ರಜೆ. ಅಪ್ಪ ಹಬ್ಬದ ವ್ಯಾಪಾರಕ್ಕೆ ಸಿದ್ದಾಪುರಕ್ಕೆ ಹೋಗಿದ್ದ, ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಅಂದಿದ್ದ. ಅವ್ವ ಸೌದೆ ಕೋಣೆ ಗುಡಿಸಿ, ಸಾರಿಸಿ, ಹೊಸ ಒಲೆ ಹೂಡಿದ್ದಳು. ನಾಳೆಯಿಂದ ಅದು. ಇವತ್ತು ಹಳೆ ಒಲೆಯ ಮುಂದೆ ಕೊನೆಯ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ನಡುಮನೆಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು, ನಿದ್ದೆ ಅಲ್ಲ. ನಾನು ಬಚ್ಚಲಿನ ಬಾಗಿಲಲ್ಲಿ ನಿಂತು ಸೆರಗಿಲ್ಲದ ಸೊಂಟಕ್ಕೆ ಕೈ ಕೊಟ್ಟು, ಅಜ್ಜಿಯ ದನಿಯನ್ನು ಬರುವಷ್ಟು ತಂದುಕೊಂಡು ಶುರು ಮಾಡಿದೆ. ಬಾಯಿಗೆ ಬಂದದ್ದು ಮಾತ್ರ ಕ್ಲಾಸಿನ ಮಾತು.

“ಓ ಹಂಡೆಯೇ, ನೀನು ಪೂರ್ಣಚಂದ್ರನಂತೆ ಹೊಳೆಯುತ್ತಿರುವೆ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ನಡುಮನೆಯಲ್ಲಿ ಒಂದು ಕಣ್ಣು ತೆರೆಯಿತು. ಹಂಡೆ ಮಸಿ ಹಿಡಿದು ಕಡುಕಪ್ಪಾಗಿತ್ತು ಅನ್ನುವುದನ್ನು ನೀವು ನೆನಪಿಟ್ಟುಕೊಳ್ಳಬೇಕು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಮೊದಲ ಮಾಲು ಹೋಗಲಿಲ್ಲ, ಸರಿ. ಎರಡನೆಯದಕ್ಕೆ ಕೈ ಹಾಕಿದೆ.

“ಏ ಹಂಡೇ, ಇವತ್ತಿನ ರೊಟ್ಟಿ ನೋಡು. ಚಪ್ಪಲಿ ಹೊಲೀಲಿಕ್ಕೆ ಚಲೋ ಅದೆ. ಈ ಮನೇಲಿ ಒಂದು ದಿನನಾದ್ರೂ ಉಂಬುಹಂಗೆ ರೊಟ್ಟಿ ಮಾಡಿದ್ದುಂಟಾ?”

“ಸುಳ್ಳು,” ಅಂದಳು ಅಜ್ಜಿ.

ದನಿ ದೊಡ್ಡದಲ್ಲ. ಆದರೆ ಬಹಳ ದಿನಗಳ ಮೇಲೆ ಬಂದದ್ದು. ನಾನು ತಿರುಗಿ ನೋಡಲಿಲ್ಲ. ಗಿರಾಕಿ ಗಾಳ ಕಚ್ಚುವಾಗ ಮುಖ ನೋಡಬಾರದು. ಹಂಡೆಗೇ ಹೇಳಿದೆ, ಸುಳ್ಳಲ್ಲ ಹಂಡೇ, ರೊಟ್ಟಿಗೆ ಬೈದದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂತ. ಅಜ್ಜಿ ಗೋಡೆ ಬಿಟ್ಟು ನೆಟ್ಟಗೆ ಕೂತಳು.

“ಹಂಡೇ, ಆ ಹುಡುಗಿಗೆ ಹೇಳು. ಸಾರಿಗೆ ಅಂದಿದ್ದೆ, ಅನ್ನಕ್ಕೆ ಅಂದಿದ್ದೆ, ಸೌದಿಗೆ ಅಂದಿದ್ದೆ. ರೊಟ್ಟಿಗೆ ಎಂದಾದ್ರೂ ಒಂದು ಮಾತು ಅಂದಿದ್ನಾ? ಹಲ್ಲಿಲ್ಲದವ್ಳು ರೊಟ್ಟಿ ಮುಗಿಯೂವರಿಗೆ ಅನ್ನ ಮುಟ್ಟೂದಿಲ್ಲ ಅಂದ್ರೆ ಅದಕ್ಕೆ ಎಂತದೋ ಕಾರಣ ಇರ್ತದೆ.”

ನಮ್ಮ ಮನೆಯಲ್ಲಿ ಹೊಗಳಿಕೆ ಇದಕ್ಕಿಂತ ಜೋರಾಗಿ ಬಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಇಂಥದ್ದಕ್ಕೂ ಒಂದು ಹೆಸರಿದೆ ಅಂತ ಅಕ್ಕೋರು ಮುಂದೆ ಹೇಳಿಕೊಟ್ಟರು. ಇದ್ದದ್ದಕ್ಕಿಂತ ಕಡಿಮೆ ಹೇಳಿ ಹೆಚ್ಚು ತಿಳಿಸುವುದು. ಅಡುಗೆಮನೆಯಲ್ಲಿ ಅವ್ವ ಸೌಟನ್ನು ಗೋಡೆಯ ಮೊಳೆಯಿಂದ ತೆಗೆದುಕೊಂಡಳು. ರೊಟ್ಟಿ ಬಡಿಯುವವಳಿಗೆ ಸೌಟಿನ ಕೆಲಸ ಏನೂ ಇರಲಿಲ್ಲ.

“ಸೌಟವ್ವಾ, ಕೇಳಿದೇನ. ಇಷ್ಟ ವರ್ಷ ಬಡದ ರೊಟ್ಟಿ ಚಲೋ ಇದ್ವಂತ. ಒಲಿ ಬ್ಯಾರೆ ಆಗೂ ಮುಂದ ಗೊತ್ತಾತು ನೋಡು. ತವರಾಗ ಪಾತ್ರಿ ಇರ್ಲಿಲ್ಲಂತ, ಹಂಚ ಮಾತ್ರ ಇತ್ತೇನ ಮತ್ತ.”

ಮಾತು ಗಾಯದ ಜಾಗಕ್ಕೇ ಬಂದು ನಿಂತಿತು. ಈಗ ನಾನು ಬಾಯಿ ಹಾಕಬಾರದು ಅನ್ನುವುದು ಮಾತ್ರ ನನಗೆ ಹೊಳೆಯಿತು. ಎರಡು ಕಡೆಯವರು ಎದುರಾದ ಮೇಲೆ ದಲ್ಲಾಳಿ ಗೋಡೆಯಾಗಿಬಿಡಬೇಕು. ಅಜ್ಜಿ ಹಂಡೆಯ ಕಡೆ ತಿರುಗಿದಳು.

“ಹಂಡೇ, ಆವತ್ತು ಆ ಮಾತು ಆಡಿದ್ದು ನಾನಲ್ಲ. ಈ ಹಾಳು ನಾಲಿಗೆ.”

“ಸೌಟವ್ವಾ, ಆ ನಾಲಿಗಿ ಯಾರ ಬಾಯಾಗಿತ್ತು, ಕೇಳು.”

ಅಜ್ಜಿಗೆ ನಗು ಬಂತು. ನಗಬಾರದು ಅಂತ ತುಟಿ ಬಿಗಿಹಿಡಿದಳು, ಆಗಲಿಲ್ಲ. ಹೊಟ್ಟೆಯಿಂದ ಬಂದು ಮೂಗಿನಿಂದ ಹೊರಬಿತ್ತು. ಅಡುಗೆಮನೆಯಲ್ಲೂ ಬಳೆ ಸದ್ದಾಯಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾನು ಇದು ಮುಗಿಯಿತು ಅಂದುಕೊಂಡೆ. ಆದರೆ ಅಜ್ಜಿ ಮಣೆಯಿಂದ ಎದ್ದಳು. ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಅಡುಗೆಮನೆಯ ಹೊಸಿಲಿಗೆ ಬಂದು ನಿಂತಳು. ತಂಬಿಗೆ ಹೋದ ದಿನದಿಂದ ಅವಳು ಆ ಹೊಸಿಲು ದಾಟಿರಲಿಲ್ಲ; ನೀರು ಬೇಕಾದರೂ ಹಿತ್ತಲಿನಿಂದ ಸುತ್ತಿ ಬರುತ್ತಿದ್ದಳು. ಎದುರಿಗೆ ಹಂಡೆ ಇರಲಿಲ್ಲ. ತಪ್ಪಲೆಗಳು ಇದ್ದವು, ಅವುಗಳನ್ನು ನೋಡಲಿಲ್ಲ.

“ಶಾಂತಾ,” ಅಂದಳು. “ನಂಗೆ ಒಬ್ಳೇ ಕೂತು ಉಂಬೂಕಾಗೂದಿಲ್ಲ.”

ನಾನು ಅಭ್ಯಾಸದಿಂದ ಆ ಮಾತನ್ನು ಯಾವ ಡಬ್ಬಿಗೆ ಹಾಕುವುದು ಅಂತ ಹುಡುಕಿದೆ. ಹೋಲಿಕೆ ಇಲ್ಲ, ಅತಿಶಯ ಇಲ್ಲ, ವ್ಯಂಗ್ಯ ಇಲ್ಲ, ಕರೆದದ್ದೂ ಎದುರಿಗಿದ್ದವಳನ್ನೇ. ಯಾವುದರಲ್ಲೂ ಹಿಡಿಯಲಿಲ್ಲ. ಅವ್ವನ ಅಂಗೈಯಲ್ಲಿ ಅರ್ಧ ಬಡಿದ ರೊಟ್ಟಿ ಹಾಗೇ ಇತ್ತು. ಅವಳು ಮುಖ ಎತ್ತದೆ ಅದನ್ನು ಹಂಚಿಗೆ ಹಾಕಿ, ನೀರು ಸವರಿದಳು.

“ಕೈ ತೊಳಕೊಂಡು ಬರ್ರಿ ಅತ್ತಿ. ಬಿಸಿ ಇದ್ದಾಗ ತಿನ್ನರಿ.”

ಅಜ್ಜಿ ಹೊಸಿಲು ದಾಟಿದಳು. ಇಬ್ಬರೂ ಒಲೆಯ ಪಕ್ಕದಲ್ಲೇ ಕೂತರು. ಅಜ್ಜಿ ಉಪ್ಪು ಕೊಡು ಅಂದಳು, ಅವ್ವ ಉಪ್ಪು ಕೊಟ್ಟಳು. ಅವ್ವ ಬದನೆಕಾಯಿ ಹೆಂಗೈತ್ರಿ ಅಂತ ಕೇಳಿದಳು, ಅಜ್ಜಿ ಖಾರ ಆಯಿತು ಅಂದಳು, ಇನ್ನೊಂಚೂರು ಹಾಕು ಅಂತಲೂ ಅಂದಳು. ಇಷ್ಟು ಸಪ್ಪೆ ಮಾತನ್ನು ನಾನು ಆ ಮನೆಯಲ್ಲಿ ಕೇಳಿಯೇ ಇರಲಿಲ್ಲ. ಬಾಗಿಲಿಗೊರಗಿ, ಗೆಳತಿಯ ಮನೆಯವರು ಒರಟು ಜನ ಅಂದುಕೊಂಡಿದ್ದನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂ​ಡೆ.

ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಗಂಟು ಇಳಿಸಿದ ಸದ್ದು. ಅಪ್ಪ ಸಿದ್ದಾಪುರದಿಂದ ಬಂದಿದ್ದ. ಒಳಗಿನ ಮಾತು ಅವನ ಕಿವಿಗೆ ಬಿದ್ದಿರಬೇಕು: ತಾಯಿ ಸೊಸೆಯ ಹೆಸರು ಹಿಡಿದು ಕರೆಯುವುದು, ಸೊಸೆ ಅತ್ತೆಗೆ ಸೀದಾ ಉತ್ತರ ಕೊಡುವುದು. ಅವನು ಚಪ್ಪಲಿಯನ್ನೂ ಬಿಡದೆ ನಡುಮನೆಯವರೆಗೆ ಓಡಿ ಬಂದ.

“ಎಂತ ಆಯ್ತು? ಯಾರು ಹೋದ್ರು?”

ಅಜ್ಜಿ ಬಾಯಲ್ಲಿದ್ದ ರೊಟ್ಟಿಯನ್ನು ನಿಧಾನವಾಗಿ ಮೆತ್ತಗೆ ಮಾಡಿಕೊಂಡು ನುಂಗಿದಳು. ತಟ್ಟೆಯನ್ನು ಸ್ವಲ್ಪ ಈಚೆ ಎಳೆದು ಮಗನಿಗೆ ಜಾಗ ಮಾಡಿದಳು.

“ಯಾರೂ ಹೋಗ್ಲಿಲ್ಲ. ಕೂತ್ಕ, ಉಣ್ಣು.”